ದೇಸಾಯರ ಅಭಿಪ್ರಾಯ

ಹೋದ ವರ್ಷ ಮಗಳ ಕಾಲೇಜು ಪ್ರವೇಶದ ಓಡಾಟಕ್ಕೆಂದು ಪುಣೆಗೆ ಹೋಗಿದ್ದಾಗ ಸ್ವಾರಗೇಟಿನಲ್ಲಿ ಸಿಟಿ ಬಸ್ಸು ಹತ್ತಿದೆವು. ಜುಲೈ ತಿಂಗಳು. ಬಿಟ್ಟೂಬಿಡದ ಜಿಟಿಜಿಟಿ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ನನ್ನ ಪಕ್ಕಕ್ಕೆ ಬಂದು ಕೂತವನು ಒದ್ದೆ ರೇನ್‌ಕೋಟು ಬಿಚ್ಚಿ, ಮಡಚಿ, ತೊಡೆಯ ಮೇಲಿಟ್ಟುಕೊಂಡ. ರಬ್ಬರು, ಬೆವರು, ನಾಲ್ಕು ದಿನದಿಂದ ಒಣಗದ ಬಟ್ಟೆ ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿಯಿತು. ಮಗಳು ಮುಖ ಕಿವುಚಿದಳು. ನನಗೆ ಮಾತ್ರ ಇಪ್ಪತ್ತೈದು ವರ್ಷದ ಹಿಂದಿನ ಇನ್ನೊಂದು ಬಸ್ಸಿನಲ್ಲಿ ಕೂತಂತಾಯಿತು.

೧೯೯೮ರ ಮಳೆಗಾಲ ಅದು. ನನಗೆ ಇಪ್ಪತ್ನಾಲ್ಕು ವರ್ಷ. ಗದಗಿನಿಂದ ಒಂದು ಟ್ರಂಕು, ಒಂದು ಹೋಲ್ಡಾಲು ಹಿಡಿದು ಬಂದು, ಚಾಕಣದಲ್ಲಿ ಆಗಷ್ಟೇ ಶುರುವಾಗಿದ್ದ, ಕಾರುಗಳಿಗೆ ರಬ್ಬರ್ ಬಿಡಿಭಾಗ ಮಾಡುವ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತನಾಗಿ ಸೇರಿಕೊಂಡಿದ್ದೆ. ನಾರಾಯಣ ಪೇಠೆಯಲ್ಲಿ ಮೂರು ಜನರ ಜೊತೆ ಒಂದೇ ಖೋಲಿಯಲ್ಲಿ ವಾಸ. ಬೆಳಗಿನ ಆರೂಮುಕ್ಕಾಲಿಗೆ ಶನಿವಾರವಾಡೆಯ ಎದುರು ಕಂಪನಿಯ ಬಸ್ಸು ಬರುತ್ತಿತ್ತು. ಶಿವಾಜಿನಗರ, ಖಡಕಿ, ಭೋಸರಿ, ಮೋಶಿ ಹಾದು, ಇಂದ್ರಾಯಣಿ ನದಿ ದಾಟಿ ಚಾಕಣ ತಲುಪುವಷ್ಟರಲ್ಲಿ ಒಂದೂಕಾಲು ಗಂಟೆ. ಮಳೆ ಜೋರಾದರೆ ಎರಡು ಗಂಟೆ. ಅಷ್ಟು ಹೊತ್ತು ಆ ಬಸ್ಸಿನಲ್ಲಿ ನಡೆಯುತ್ತಿದ್ದ ಮಾತು ಒಂದೇ: ಯಾರು ಯಾವ ಪಿಚ್ಚರ್ ನೋಡಿದರು, ಹೇಗಿತ್ತು.

ಆ ಕಡೆಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಹಾಗಾಗಿ ಶುಕ್ರವಾರದ ಬೆಳಗಿನ ಬಸ್ಸು ಎಲ್ಲಕ್ಕಿಂತ ಜೋರು. ಕ್ಯಾಂಟೀನು ನಡೆಸುತ್ತಿದ್ದ ಕುಂದಾಪುರದ ಶೆಟ್ಟರು ಎರಡನೇ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು ಶುರು ಮಾಡುತ್ತಿದ್ದರು. ಅವರಿಗೆ ಹೊಡೆದಾಟವಿದ್ದರೆ ಸಾಕು; ಯಾವುದೋ ಚಿತ್ರದ ಕೋಳಿ ಅಂಗಡಿಯ ಫೈಟನ್ನು ವಾರಗಟ್ಟಲೆ ಹೊಗಳಿದ್ದರು. ಡ್ರೈವರ್ ಬಬನರಾವ್ ಮರಾಠಿಯವನು, ಆದರೆ ನಮ್ಮ ಕನ್ನಡ ಕೇಳಿ ಕೇಳಿ ಅರ್ಧ ತಿಳಿಯುತ್ತಿತ್ತು. ಅವನದು ಹಾಡಿನ ಪಕ್ಷ. ಹಾಡು ಚೆನ್ನಾಗಿಲ್ಲದ ಚಿತ್ರವನ್ನು ಅವನು ಚಿತ್ರವೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಉಳಿದವರೂ ಕನ್ನಡ, ಮರಾಠಿ, ಹಿಂದಿ ಬಾಯಿಗೆ ಬಂದದ್ದರಲ್ಲಿ ಕೂಗಾಡುತ್ತಿದ್ದರು. ಎಲ್ಲರ ಕೂಗಾಟ ಮುಗಿದ ಮೇಲೆ, ಖಡಕಿ ದಾಟುವ ಹೊತ್ತಿಗೆ, ಯಾರಾದರೂ ಒಬ್ಬರು ಕೇಳುತ್ತಿದ್ದರು: "ದೇಸಾಯರ, ನೀವೇನಂತೀರಿ?"

ದೇಸಾಯರು ಡಿಸ್ಪ್ಯಾಚ್ ವಿಭಾಗದ ಮುಖ್ಯಸ್ಥರು. ಜಮಖಂಡಿ ಕಡೆಯವರು, ಐವತ್ತು ದಾಟಿದ್ದರು. ತೆಳ್ಳಗಿನ ಆಳು, ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಆಫೀಸಿನಲ್ಲಿ ಲಾರಿ, ಸರಕಿನ ರಸೀದಿಯ ಬಿಲ್ಟಿ ಬಿಟ್ಟು ಬೇರೆ ಮಾತಿಲ್ಲದ ಮನುಷ್ಯ. ಬಸ್ಸಿನಲ್ಲಿ ಮಾತ್ರ ಕನ್ನಡಕ ಒರೆಸಿಕೊಂಡು, ಸಾವಕಾಶವಾಗಿ ಒಂದೊಂದೇ ಮಾತು ಹೇಳುತ್ತಿದ್ದರು. ಆ ಮಾತು ನಾವ್ಯಾರೂ ಯೋಚಿಸಿರದಂಥದ್ದು.

ಆಗ ಟಿವಿಯಲ್ಲಿ ದಿನಾ ಸಂಜೆ ಒಂದು ದೊಡ್ಡ ಮನೆತನದ ಧಾರಾವಾಹಿ ಬರುತ್ತಿತ್ತು. ಊರೆಲ್ಲ ಅದರ ಸೊಸೆಗಾಗಿ ಅಳುತ್ತಿತ್ತು. ದೇಸಾಯರು ಹೇಳಿದರು: "ಇಪ್ಪತ್ತ ಮಂದಿ ಊಟಕ್ಕ ಕೂಡ್ತಾರ. ಆದ್ರ ಆ ಮನಿಯೊಳಗಿನ ಒಬ್ಬ ಹೆಣಮಗಳ ಕೈಯರ ಹಸಿ ಇದ್ದದ್ದು ನೋಡೀರೇನು? ಸೆರಗಿಗೆ ಕೈ ಒರಿಸಿಕೊಂಡದ್ದು ನೋಡೀರೇನು? ಅಡಿಗಿ ಯಾರು ಮಾಡ್ತಾರ ಹಂಗಾದ್ರ?"

ಬಸ್ಸು ಘೊಳ್ಳೆಂದು ನಕ್ಕಿತು. ಅವತ್ತಿನಿಂದ ನನಗೆ ಆ ಧಾರಾವಾಹಿಯ ಹೆಂಗಸರ ಕೈ ಬಿಟ್ಟು ಬೇರೇನೂ ಕಾಣಲಿಲ್ಲ. ಎಂಥ ಬುದ್ಧಿಯ ಮನುಷ್ಯ ಇವರು, ಇಲ್ಲಿ ರಬ್ಬರಿನ ಪೆಟ್ಟಿಗೆ ಎಣಿಸುತ್ತಾ ಕೂತಿದ್ದಾರಲ್ಲ ಎಂದುಕೊಳ್ಳುತ್ತಿದ್ದೆ. ಎಷ್ಟೋ ಸಲ ದೇಸಾಯರು ಏನೆನ್ನಬಹುದು ಎಂದು ಯೋಚಿಸುತ್ತಲೇ ಟಾಕೀಜಿನಲ್ಲಿ ಕೂತಿರುತ್ತಿದ್ದೆ. ಅವರೊಡನೆ ವಾದ ಮಾಡುವ ಹುಚ್ಚೂ ಹತ್ತಿತು. ಹೊಸಬನೆಂದು ಅವರು ಎಂದೂ ತಳ್ಳಿಹಾಕುತ್ತಿರಲಿಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ನಾಳೆ ಹೇಳ್ತೀನಿ" ಎನ್ನುತ್ತಿದ್ದರು. ಮಾರನೆಯ ದಿನ ಖಂಡಿತವಾಗಿ ಉತ್ತರ ತರುತ್ತಿದ್ದರು. ಅದು ನನಗೆ ವಿಚಿತ್ರ ಅನಿಸಲಿಲ್ಲ. ಯೋಚಿಸಿ ಮಾತಾಡುವವರು, ಅದಕ್ಕೇ ಒಂದು ರಾತ್ರಿ ಬೇಕಾಗುತ್ತದೆ ಅಂದುಕೊಂಡಿದ್ದೆ.

ಆಗಸ್ಟಿನಲ್ಲಿ ಒಂದು ತಾಯಿಯ ಚಿತ್ರ ಬಂತು. ಹನ್ನೆರಡು ವರ್ಷದಿಂದ ಹಾಸಿಗೆ ಹಿಡಿದ ತಾಯಿ, ಟ್ಯಾಕ್ಸಿ ಓಡಿಸುವ ಮಗ. ಕೊನೆಗೆ ಗೂಂಡಾಗಳು ಮಗನನ್ನು ಅಂಗಳಕ್ಕೆ ಎಳೆದು ಹೊಡೆಯುವಾಗ ಆ ತಾಯಿ ಹಾಸಿಗೆಯಿಂದ ಎದ್ದು, ನಡೆದು ಬಂದು, ಒನಕೆ ಎತ್ತುತ್ತಾಳೆ. ಟಾಕೀಜಿನಲ್ಲಿ ಸಿಳ್ಳೆಯೋ ಸಿಳ್ಳೆ. ನಾನೂ ಹೊಡೆದೆ. ಊರು ಬಿಟ್ಟು ಮೂರು ತಿಂಗಳಾಗಿತ್ತು, ಅವ್ವನ ನೆನಪು ಬಂದು ಅತ್ತೂ ಬಿಟ್ಟೆ. ಶೆಟ್ಟರು ಎರಡು ಸಲ ನೋಡಿದರು.

ಒಂದು ವಾರದ ಮೇಲೆ ದೇಸಾಯರ ಸರದಿ ಬಂತು. ಅವತ್ತು ಅವರು ಕನ್ನಡಕ ಒರೆಸಲಿಲ್ಲ. ದನಿಯಲ್ಲಿ ಎಂದೂ ಇಲ್ಲದ ಸಿಟ್ಟಿತ್ತು.

"ಸುಳ್ಳ ಪಿಚ್ಚರ್ ಅದು. ಹನ್ನೆರಡ ವರ್ಷ ಮಲಗಿದಾಕಿ ತಲಿದಿಂಬು ನೋಡೀರೇನು? ಅಂಗಡಿಯಿಂದ ಇವತ್ತ ತಂದಂಗದ. ನಡುವ ತೆಗ್ಗ ಬಿದ್ದಿಲ್ಲ. ನೀರಿನ ತಂಬಿಗಿ ಕೈಗೆ ಎಟಗೂ ಕಡೆ ಇಲ್ಲ, ಅಲ್ಲೆ ಕಪಾಟದ ಮ್ಯಾಲೆ ಅದ. ಹಂಗ ಮಲಗಿದಾಕಿ ಎದ್ದು ಒನಕಿ ಹಿಡೀತಾಳಂತ! ನೀವೆಲ್ಲಾ ಸಿಳ್ಳಿ ಹೊಡದ್ರಿ!"

ನನ್ನನ್ನು ಕೆಣಕಿದಂತಾಯಿತು. "ಸರ್, ತಾಯಿ ಕರುಳದ್ದು. ಪಿಚ್ಚರ್‌ದಾಗ ಅಷ್ಟೂ ಬ್ಯಾಡೇನ್ರಿ? ಮತ್ತ ಕಡೀಗೆ ಏನಾಗತದ ನೋಡಿದ್ರಲ್ಲಾ?"

"ಏನಾಗತದ?"

"ಆಕಿ ಒನಕಿ ಹಿಡದ ಮ್ಯಾಲೆ ಇನ್ನೂ ಹತ್ತ ನಿಮಿಷ ಅದರಿ. ನೀವು ನೋಡಿಲ್ಲೇನು?"

ದೇಸಾಯರು ತಡವರಿಸಿದರು. "ಅಷ್ಟರಾಗ ನಾ ಎದ್ದ ಬಂದೆ."

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ದಿನ ಅವರೆದುರು ಸೋತವನಿಗೆ ಒಂದು ಸಂದು ಸಿಕ್ಕಿತ್ತು. "ಯಾವ ಟಾಕೀಜಿನಾಗ ನೋಡಿದ್ರಿ ಸರ್?" ಎಂದೆ.

ಅವರು ಒಂದು ಟಾಕೀಜಿನ ಹೆಸರು ಹೇಳಿದರು. ಶೆಟ್ಟರು ಕೂಡಲೇ, "ಎಂತ ಮಾರಾಯ್ರೆ, ಅಲ್ಲಿ ಇಂಗ್ಲಿಷ್ ಪಿಚ್ಚರ್ ನಡೀತಾ ಉಂಟಲ್ಲ! ನಾನು ನಿನ್ನೆ ಆ ದಾರಿಯಲ್ಲೇ ಬಂದದ್ದು" ಎಂದರು. ಬಸ್ಸಿನಲ್ಲಿ ಒಂದು ನಗು ಎದ್ದಿತು. ನಾನು ಅದನ್ನು ಅಲ್ಲಿಗೇ ನಿಲ್ಲಿಸಲಿಲ್ಲ. "ನೋಡಲಾರದ ಅಭಿಪ್ರಾಯ ಹೇಳಿದ್ರ ಹೆಂಗ್ರಿ ಸರ್? ಇಷ್ಟ ದಿನ ಹೇಳಿದ್ದೂ ಹಿಂಗ ಏನು?"

ಈಗ ಎಲ್ಲರೂ ನಕ್ಕರು. ಬಬನರಾವ್ ಹಾರ್ನು ಒತ್ತಿ ಒತ್ತಿ ನಕ್ಕ. ದೇಸಾಯರು ಕನ್ನಡಕ ತೆಗೆದು, ಒರೆಸದೆ, ಜೇಬಿನಲ್ಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದರು. ಕಿಟಕಿಯ ಗಾಜಿನ ಮೇಲೆ ಆವಿ ಕಟ್ಟಿತ್ತು. ಹೊರಗೆ ಏನೂ ಕಾಣುತ್ತಿರಲಿಲ್ಲ. ಚಾಕಣದವರೆಗೂ ಅವರು ಹಾಗೇ ಕೂತಿದ್ದರು.

ಮಾರನೆಯ ದಿನದಿಂದ ದೇಸಾಯರು ಡ್ರೈವರಿನ ಹಿಂದಿನ ಒಂಟಿ ಸೀಟಿಗೆ ಹೋದರು. ಪೇಪರು ಬಿಡಿಸಿ ಕೂತರೆ ಇಳಿಯುವಾಗಲೇ ಮಡಚುವುದು. ಕೇಳಿದ್ದಕ್ಕೆ, "ನಾ ಏನೂ ನೋಡಿಲ್ರಿ" ಎಂದಷ್ಟೇ ಹೇಳುತ್ತಿದ್ದರು. ಮೊದಲ ವಾರ ನಾವು ಅದನ್ನೇ ಹಿಡಿದು ಚೇಷ್ಟೆ ಮಾಡಿದೆವು. ಎರಡನೆಯ ವಾರ ಚೇಷ್ಟೆ ಸಾಕಾಯಿತು. ಮೂರನೆಯ ವಾರಕ್ಕೆ ಬಸ್ಸೇ ಸಪ್ಪಗಾಯಿತು. ಶೆಟ್ಟರು ಹೊಡೆದಾಟದ ಸುದ್ದಿ ಹೇಳುತ್ತಿದ್ದರು, ಬಬನರಾವ್ ಹಾಡು ಗುನುಗುತ್ತಿದ್ದ, ಆದರೆ ಖಡಕಿ ದಾಟಿದ ಮೇಲೆ ಯಾರಿಗೂ ಮಾತೇ ಇರುತ್ತಿರಲಿಲ್ಲ. ಗಣಪತಿ ಹಬ್ಬ ಬಂದು ಹೋಯಿತು. ಅನಂತ ಚತುರ್ದಶಿಯ ಮೆರವಣಿಗೆ ಮುಗಿದ ಮೇಲೆ, ಒಂದು ಗುರುವಾರ, ತಡೆಯಲಾರದೆ ನಾನು ದೇಸಾಯರ ಮನೆಗೆ ಹೊರಟೆ. ಕ್ಷಮೆ ಕೇಳಬೇಕು, ಅಷ್ಟೇ ಮನಸ್ಸಿನಲ್ಲಿದ್ದದ್ದು.

ಕಸಬಾ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಒಂದು ಹಳೆಯ ವಾಡೆ. ಕತ್ತಲೆಯ ಕಟ್ಟಿಗೆ ಮೆಟ್ಟಿಲು. ಹಿಡಿಯಲು ಒಂದು ಹಗ್ಗ ಬಿಟ್ಟಿದ್ದರು, ಅಷ್ಟು ಕಡಿದು. ಎರಡನೆಯ ಮಾಳಿಗೆಯಲ್ಲಿ ಬಾಗಿಲು ತೆರೆದೇ ಇತ್ತು. ಒಳಗೆ ಟಿವಿಯ ಸದ್ದು. ನಾನು ಚಪ್ಪಲಿ ಬಿಡುವುದರೊಳಗೆ ಟಿವಿ ಬಂದ್ ಆಯಿತು.

"ಯಾರ್ರಿ ಅದು? ಒಳಗ ಬರ್ರಿ. ನನಗ ಎದ್ದ ಬರಾಕ ಆಗೂದಿಲ್ಲ."

ಕಿಟಕಿಯ ಪಕ್ಕದ ಮಂಚದ ಮೇಲೆ ಒಬ್ಬ ಹೆಂಗಸು ಗೋಡೆಗೆ ಒರಗಿ ಕೂತಿದ್ದರು. ದುಂಡು ಮುಖ, ದೊಡ್ಡ ಕುಂಕುಮ. ಎರಡೂ ಕೈಯ ಬೆರಳುಗಳು ಗಂಟುಗಂಟಾಗಿ ಒಂದು ಬದಿಗೆ ವಾಲಿದ್ದವು. ಕಾಲ ಮೇಲೆ ಒಂದು ರಜಾಯಿ. ಕೈಗೆಟಕುವಲ್ಲಿ ನೀರಿನ ತಂಬಿಗೆ, ಅದರ ಮೇಲೆ ಮುಚ್ಚಿದ ಲೋಟ, ಬೆನ್ನ ಹಿಂದೆ ನಡುವೆ ಚೆನ್ನಾಗಿ ತಗ್ಗು ಬಿದ್ದ ತಲೆದಿಂಬು. ಬಸ್ಸಿನಲ್ಲಿ ದೇಸಾಯರು ಹೇಳಿದ್ದ ತಲೆದಿಂಬು, ತಂಬಿಗೆ ಇವೇ.

"ನಾ ಸ್ಟೋರ್ಸಿನ ಶ್ರೀಕಾಂತ ರೀ. ದೇಸಾಯಿ ಸರ್..."

"ಪ್ಯಾಟಿಗೆ ಹೋಗ್ಯಾರ, ಬರ್ತಾರ ಕೂಡ್ರಿ" ಅಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಶ್ರೀಕಾಂತ ಅಂದ್ರ, ಗದಗಿನವರು ನೀವ ಏನು? ಪೊಲೀಸ್ ಪಿಚ್ಚರ್‌ದಾಗ ಹೀರೋನ ಪಿಸ್ತೂಲಿನ ಗುಂಡು ಎಣಿಸಿದವರು? ಆರು ಗುಂಡಿನ ಪಿಸ್ತೂಲಿನಾಗ ಹದಿನೊಂದ ಹೊಡದಾನ ಅಂದವರು?"

ಅದು ನಾನು ಜೂನಿನಲ್ಲಿ ಬಸ್ಸಿನಲ್ಲಿ ಆಡಿದ ಮಾತು.

"ಮತ್ತ ಆ ಜಮೀನದಾರನ ಪಿಚ್ಚರ್‌ದಾಗ ಮುದುಕನ ಪಾರ್ಟು ಛೊಲೋ ಇತ್ತು ಅಂದ್ರಿ. ನಾ ಬ್ಯಾಡ ಅಂದೆ. ಆಮ್ಯಾಲೆ ಎರಡ ದಿನ ವಿಚಾರ ಮಾಡಿದೆ. ನಿಮ್ಮದ ಖರೇ ಇತ್ತು. ಅವತ್ತ ಹೇಳಿ ಕಳಿಸಿದ್ನಲ್ಲ, ಮುಟ್ಟಿತಿಲ್ಲೋ?"

ಮುಟ್ಟಿತ್ತು. "ನೀ ಹೇಳಿದ್ದ ಖರೇ ಅದ ಶ್ರೀಕಾಂತ" ಎಂದು ದೇಸಾಯರು ಇಡೀ ಬಸ್ಸಿನೆದುರು ಒಪ್ಪಿಕೊಂಡ ದಿನ ನಾನು ಮೂರು ಜನರಿಗೆ ಚಹಾ ಕುಡಿಸಿದ್ದೆ.

ಆಗ ಎಲ್ಲ ತಿಳಿಯಿತು. ಏಳು ವರ್ಷದ ಕೆಳಗೆ ಅವರಿಗೆ ಸಂಧಿವಾತ ಹಿಡಿದಿತ್ತು. ಆ ಮೆಟ್ಟಿಲು ಇಳಿಯದೆ ಆರು ವರ್ಷ. ಕೇಬಲ್ಲಿನವನು ದಿನಾ ಮಧ್ಯಾಹ್ನ ಎರಡಕ್ಕೆ ಒಂದು ಪಿಚ್ಚರ್ ಹಾಕುತ್ತಿದ್ದ, ಒಮ್ಮೊಮ್ಮೆ ಟಾಕೀಜಿನಲ್ಲಿ ಇನ್ನೂ ಓಡುತ್ತಿರುವ ಹೊಸದನ್ನೂ. ಅವರು ಒಂದೂ ಬಿಡದೆ ನೋಡುತ್ತಿದ್ದರು. ಸಂಜೆ ಗಂಡ ಬಂದು ಚಹಾ ಮಾಡಿಕೊಟ್ಟ ಕೂಡಲೇ ಕಥೆ, ಅಭಿಪ್ರಾಯ ಎಲ್ಲ ಹೇಳುತ್ತಿದ್ದರು. ಅದು ಮಾರನೆಯ ಬೆಳಿಗ್ಗೆ ಬಸ್ಸಿಗೆ ಬರುತ್ತಿತ್ತು. ಬಸ್ಸಿನಲ್ಲಿ ನಾವು ಆಡಿದ್ದು ಸಂಜೆ ಈ ಮಂಚಕ್ಕೆ ಬರುತ್ತಿತ್ತು. ನಾನು ಇಡೀ ಮಳೆಗಾಲ ವಾದ ಮಾಡಿದ್ದು ಈ ಹೆಂಗಸಿನ ಜೊತೆ.

"ಈಗ ಖರೇ ಹೇಳ್ರಿ" ಎಂದರು ಅವರು ಮುಂದಕ್ಕೆ ಬಾಗಿ. "ಬಸ್ಸಿನಾಗ ಏನಾಗೇದ?"

"ಯಾಕ್ರಿ?"

"ಮೂರು ವಾರದಿಂದ ನಾ ಏನ ಹೇಳಿ ಕಳಿಸಿದ್ರೂ ಎಲ್ಲಾರೂ ಹೌದ ಹೌದ ಅಂತಾರಂತ. ಶೆಟ್ಟರು ಹೌದಂದ್ರಂತ. ಬಬನರಾವ್ ಹೌದಂದನಂತ. ನೀವೂ ಹೌದಂದ್ರಂತ! ಅಷ್ಟ ಮಂದಿ ಒಮ್ಮೆಲೆ ಶಾಣ್ಯಾ ಆಗಾಕ ಸಾಧ್ಯ ಏನು? ಇವರು ತಾವ ಕೂಡಿಸಿ ಹೇಳಾಕತ್ತಾರ ಅಂತ ನನಗ ತಿಳೀತು. ಮುಖ ನೋಡಿ ಸುಮ್ಮನಾದೆ."

ಬಸ್ಸಿನಲ್ಲಿ ನಾನು ಕೇಳಿದ್ದು, ಎಲ್ಲರೂ ನಕ್ಕದ್ದು, ಸರ್ ಮುಂದಿನ ಸೀಟಿಗೆ ಹೋದದ್ದು, ಒಂದೂ ಬಿಡದೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. "ಅವತ್ತ ಮಳಿಗೆ ಕರೆಂಟ್ ಹೋತು. ಆಕಿ ಒನಕಿ ಎತ್ತಿದ್ಲು, ಟಿವಿ ಬಂದ್ ಆತು. ಇನ್ನೇನ ಉಳದಿರತದ, ಮುಗದಂಗ ಅಂತ ನಾನೂ ಅಂದುಕೊಂಡೆ. ಕಡೀಗೆ ಏನಾಗತದ?" ಎಂದರು.

"ಕಡೀಗೆ ಆಕಿ..."

"ತಡೀರಿ!" ಅವರು ಆ ವಾಲಿದ ಕೈ ಎತ್ತಿದರು. "ಹೇಳಬ್ಯಾಡ್ರಿ. ನೀವ ಅಂದದ್ದ ಬರೋಬ್ಬರಿ ಅದ. ಪೂರಾ ನೋಡಲಾರದ ನಾ ಬೈದೆ. ಅದು ನನ್ನ ತಪ್ಪು. ನೋಡೇ ಏನನ್ನೋದು ಅನ್ನಬೇಕು."

ಅಷ್ಟರಲ್ಲಿ ದೇಸಾಯರು ಚೀಲದ ತುಂಬ ಕಾಯಿಪಲ್ಲೆ ಹೊತ್ತು ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು.

"ಎಲ್ಲಾ ಹೇಳ್ಯಾರ, ಒಳಗ ಬರ್ರಿ" ಎಂದರು ಅವರ ಹೆಂಡತಿ. "ಚಹಾಕ್ಕ ಇಡ್ರಿ. ಅವರಿಗೂ."

ಚಹಾ ಮಾಡುವಾಗ ಅಡುಗೆ ಕಟ್ಟೆಯ ಬಳಿ ನಾನು ದೇಸಾಯರ ಕಾಲು ಮುಟ್ಟಲು ಹೋದೆ. ಅವರು ಭುಜ ಹಿಡಿದು ನಿಲ್ಲಿಸಿದರು. ದನಿ ತಗ್ಗಿಸಿ ಹೇಳಿದರು: "ಮೊದಲನೇ ದಿನ ಹೇಳಿದಾಗ ನಮ್ಮಾಕಿದು ಇದು ಅನ್ನಬೇಕಂತಿದ್ದೆ. ಅಂದ್ರ ಆಕಿ ಯಾಕ ಮನಿಯಾಗ ಇರತಾಳ ಅಂತ ಕೇಳತಿದ್ರಿ. ಹೇಳಿದ ಕೂಡ್ಲೆ ಅಯ್ಯೋ ಪಾಪ ಅಂತಿದ್ರಿ. ಬಂದವರೆಲ್ಲಾ ಅದನ್ನ ಅಂತಾರ. ಆಕಿಗೆ ಅದು ಸೇರೂದಿಲ್ಲ. ನನ್ನ ಮಾತಂತ ನೀವು ಗುದ್ದಾಡಿದ್ರಿ ನೋಡು, ಸಂಜಿಗೆ ಅದನ್ನ ಹೇಳಿದ್ರ ಆಕಿ ಮುಖ ಹೆಂಗಾಗತಿತ್ತು ಅಂತೀ."

ಒಳಗಿನಿಂದ ದನಿ ಬಂತು: "ಏನ ಪಿಸಿಪಿಸಿ ಅಲ್ಲೆ? ಚಹಾ ಉಕ್ಕಿತು!"

ಶುಕ್ರವಾರ ಬಸ್ಸು ಖಡಕಿ ದಾಟಿದ ಮೇಲೆ ನಾನು ಎದ್ದು ನಿಂತು ಎಲ್ಲ ಹೇಳಿದೆ. ದೇಸಾಯರ ಒಪ್ಪಿಗೆ ಪಡೆದಿದ್ದೆ, ಒಂದು ಷರತ್ತಿನ ಮೇಲೆ: ಯಾರೂ ಪಾಪ ಅನ್ನಬಾರದು. ಶೆಟ್ಟರೇ ಮೊದಲು ಬಾಯಿಬಿಟ್ಟರು. "ಅಲ್ಲ ಮಾರಾಯ್ರೆ, ಹಾಗಾದರೆ ನನಗೆ ಸಿನೆಮಾ ತಿಳಿಯುವುದಿಲ್ಲ ಅಂತ ಹೇಳಿದ್ದು ಅವರಾ? ಅವರಿಗೆ ಹೇಳಿ, ಆ ಕೋಳಿ ಅಂಗಡಿ ಫೈಟಿಗೆ ಎಂತ ಕಡಿಮೆ ಆಗಿದೆ ಅಂತ ನಾನೂ ಕೇಳುತ್ತೇನೆ!"

ಅವತ್ತಿನಿಂದ ಮಾತು ಮತ್ತೆ ಹತ್ತಿತು. ದೇಸಾಯರು ಹಳೆಯ ಸೀಟಿಗೆ ಬಂದರು. ಈಗ ಯಾರೂ "ನೀವೇನಂತೀರಿ" ಎನ್ನುತ್ತಿರಲಿಲ್ಲ. "ವೈನಿ ಏನಂತಾರ?" ಎನ್ನುತ್ತಿದ್ದರು. ದೇಸಾಯರ ಹೆಂಡತಿ ಈಗ ಇಡೀ ಬಸ್ಸಿಗೆ ವೈನಿ, ಅಂದರೆ ಅತ್ತಿಗೆ. ಬಬನರಾವ್ ಹಾಡುಗಳ ಪಟ್ಟಿಯೊಂದನ್ನು ಕೊಟ್ಟು ಕಳಿಸಿದ. ವೈನಿ ಒಂದೊಂದು ಹಾಡಿನ ಮುಂದೆ ತಮ್ಮ ಅಭಿಪ್ರಾಯವನ್ನು ದೇಸಾಯರಿಂದ ಬರೆಸಿ ಕಳಿಸಿದರು. ಅದರಲ್ಲಿ ಎರಡಕ್ಕೆ 'ಕಿವಿಗೆ ಛೊಲೋ, ಕಣ್ಣಿಗೆ ಬ್ಯಾಡ' ಎಂದಿತ್ತು. ಬಬನರಾವ್ ಅದನ್ನು ಸ್ಟೀರಿಂಗಿನ ಮೇಲೆ ಅಂಟಿಸಿಕೊಂಡ.

ಆದರೆ ತಾಯಿಯ ಚಿತ್ರದ ಬಗ್ಗೆ ವೈನಿ ಒಂದು ಮಾತೂ ಆಡಲಿಲ್ಲ. ಪೂರಾ ನೋಡಿಲ್ಲ, ಅಷ್ಟೇ. ಕೇಬಲ್ಲಿನವನನ್ನು ಮತ್ತೆ ಹಾಕಲು ಕೇಳಿದ್ದಾಯಿತು. ಅವನ ಕ್ಯಾಸೆಟ್ಟು ಕೆಟ್ಟಿತ್ತು. ಅಕ್ಟೋಬರಿನ ಎರಡನೆಯ ವಾರ ಶೆಟ್ಟರು ಸುದ್ದಿ ತಂದರು: ಚಿತ್ರ ಉಳಿದಿರುವುದು ಒಂದೇ ಟಾಕೀಜಿನಲ್ಲಿ, ಅಲ್ಲೂ ಗುರುವಾರ ಕೊನೆ. ಶುಕ್ರವಾರ ಬೇರೆಯದು ಬರುತ್ತದೆ.

"ಕರಕೊಂಡ ಹೋಗೂಣು" ಎಂದೆ ನಾನು.

"ಹೆಂಗ?" ಎಂದರು ದೇಸಾಯರು. "ಆ ಮೆಟ್ಟಲ ನೋಡಿಯಲ್ಲ. ಕಡೀ ಸಲ ದವಾಖಾನಿಗೆ ಇಳಿಸಿದಾಗ ಒಂದ ಕಡೆ ಜೋಲಿ ಹೋತು. ಇನ್ನ ನನ್ನ ಹೊರಗ ಒಯ್ಯಬ್ಯಾಡ್ರಿ ಅಂತ ಆಣಿ ಹಾಕಿಸಿಕೊಂಡಾಳ. ಮ್ಯಾಲೆ ಡಾಕ್ಟರ್ ಬರ್ತಾರ ಈಗ."

ಬಬನರಾವ್ ಹಿಂದಕ್ಕೆ ತಿರುಗದೆಯೇ ಮರಾಠಿಯಲ್ಲಿ ಹೇಳಿದ, ನನ್ನ ಭಾವಮೈದುನನದು ವ್ಯಾನ್ ಇದೆ, ಗುರುವಾರ ಖಾಲಿ ಇರುತ್ತದೆ ಎಂದು. ಶೆಟ್ಟರು ಕ್ಯಾಂಟೀನಿನ ಕೈಯಿಲ್ಲದ ಕಬ್ಬಿಣದ ಕುರ್ಚಿ ತರುತ್ತೇನೆಂದರು. ದೇಸಾಯರು ಮಾರನೆಯ ದಿನ ಬಂದು ಹೇಳಿದರು: "ಕೇಳಿದೆ. ಒಂದ ತಾಸು ಮಾತಾಡಲಿಲ್ಲ. ಆಮ್ಯಾಲೆ ಯಾವ ಸೀರಿ ಉಡಲಿ ಅಂದಳು."

ಗುರುವಾರ ಮಳೆ ಇರಲಿಲ್ಲ. ಹನ್ನೊಂದಕ್ಕೇ ನಾವು ಮೂವರೂ ವಾಡೆಗೆ ಹೋದೆವು. ವೈನಿ ಹಸಿರು ಇಳಕಲ್ ಸೀರೆ ಉಟ್ಟು ಕೂತಿದ್ದರು. ಎರಡು ಸಲ ನೀರು ಕೇಳಿದರು. ಕುರ್ಚಿಯ ಮೇಲೆ ಕೂರಿಸಿ, ಸೊಂಟಕ್ಕೆ ಒಂದು ಧೋತರ ಸುತ್ತಿ ಕುರ್ಚಿಗೆ ಕಟ್ಟಿದರು ದೇಸಾಯರು. ಬಬನರಾವ್, ಶೆಟ್ಟರು ಕೆಳಗೆ. ನಾನೂ ದೇಸಾಯರೂ ಮೇಲೆ. ಒಂದು ಮೆಟ್ಟಿಲು, ನಿಲ್ಲುವುದು. ಇನ್ನೊಂದು ಮೆಟ್ಟಿಲು, ನಿಲ್ಲುವುದು. ತಿರುವಿನಲ್ಲಿ ಕುರ್ಚಿಯ ಕಾಲು ಗೋಡೆಗೆ ಸಿಕ್ಕಿಕೊಂಡಿತು. ಎಳೆಯುವಾಗ ನನ್ನ ಕೈ ಜಾರಿತು. ಕುರ್ಚಿ ಒಂದು ಬದಿಗೆ ವಾಲಿತು. ವೈನಿ "ಅವ್ವಾ" ಎಂದು ಕಣ್ಣು ಮುಚ್ಚಿದರು. ಶೆಟ್ಟರು ತಮ್ಮ ಎದೆಯನ್ನೇ ಅಡ್ಡ ಕೊಟ್ಟು ತಡೆದರು.

"ವಾಪಸ್ ಒಯ್ಯೂಣು" ಎಂದರು ದೇಸಾಯರು. "ಬ್ಯಾಡ ಇದು. ಸಾಕು."

ವೈನಿ ಕಣ್ಣು ತೆರೆದರು. ಎದುರಿಗೆ ಮೊದಲನೆಯ ಮಾಳಿಗೆಯ ಬಾಗಿಲಿತ್ತು. ಅದನ್ನೇ ನೋಡುತ್ತಾ ಹೇಳಿದರು: "ಕುಲಕರ್ಣಿಯವರು ಬಾಗಲಕ್ಕ ನೀಲಿ ಬಣ್ಣಾ ಹಚ್ಯಾರಲ್ಲ! ನೀವು ಹೇಳೇ ಇಲ್ಲ ನನಗ." ಆಮೇಲೆ, "ಇಷ್ಟ ಬಂದೀವಿ. ಇಳಸ್ರಿ."

ಟಾಕೀಜಿನ ಬಾಗಿಲಲ್ಲಿ ಗೇಟ್‌ಕೀಪರ್ ಕುರ್ಚಿ ಒಳಗೆ ಒಯ್ಯುವಂತಿಲ್ಲ ಎಂದು ಅಡ್ಡಗಟ್ಟಿದ. ಬಬನರಾವ್ ಅವನ ಹೆಗಲ ಮೇಲೆ ಕೈಹಾಕಿ ಆಚೆ ಕರೆದುಕೊಂಡು ಹೋಗಿ ಏನು ಹೇಳಿದನೋ, ಅವನೇ ಬಂದು ಎರಡೂ ಬಾಗಿಲು ತೆರೆದು ಹಿಡಿದ. ಕೆಳಗಿನ ಕ್ಲಾಸು, ಕೊನೆಯ ಸಾಲು, ದಾರಿಯ ಪಕ್ಕದ ಸೀಟು. ಕ್ಯಾಂಟೀನ್ ಕುರ್ಚಿಯಲ್ಲೇ ಕೂತಿರಿ ಎಂದರೆ ವೈನಿ ಕೇಳಲಿಲ್ಲ. "ಟಾಕೀಜಿಗೆ ಬಂದು ಟಾಕೀಜಿನ ಖುರ್ಚಿ ಮ್ಯಾಲೆ ಕೂಡಲಿಲ್ಲಂದ್ರ ಹೆಂಗ?" ಅಲ್ಲಿಗೇ ಎತ್ತಿ ಕೂರಿಸಿದೆವು.

ಚಿತ್ರ ಶುರುವಾಯಿತು. ನಾನು ಪರದೆಯನ್ನು ಅಷ್ಟಾಗಿ ನೋಡಲಿಲ್ಲ. ವೈನಿಯ ಮುಖದ ಮೇಲೆ ಬೆಳಕು ಬದಲಾಗುತ್ತಿತ್ತು. ಎರಡು ಸಲ ಅವರು ಗಂಡನ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಕೊನೆಗೆ ಅಂಗಳದ ದೃಶ್ಯ ಬಂತು. ತಾಯಿ ಎದ್ದಳು, ನಡೆದಳು, ಒನಕೆ ಎತ್ತಿದಳು. ಕೊನೆಯ ದಿನದ ಜನ ಇದ್ದದ್ದೇ ಐವತ್ತು, ಆದರೂ ಸಿಳ್ಳೆ ಬಿದ್ದವು. ಅದಾದ ಮೇಲೆ, ವೈನಿ ನೋಡದೆ ಉಳಿದಿದ್ದ ಹತ್ತು ನಿಮಿಷ. ಗೂಂಡಾಗಳು ಓಡಿಹೋಗಿದ್ದಾರೆ. ತಾಯಿ ಕಟ್ಟೆಯ ಮೇಲೆ ಕುಸಿದು ಕೂಡುತ್ತಾಳೆ. ಮಗ ಏಳವ್ವಾ ಎನ್ನುತ್ತಾನೆ, ಅವಳಿಗೆ ಏಳಲಾಗುವುದಿಲ್ಲ. ಮಗ ಅವಳನ್ನು ಎತ್ತಿ ಒಳಗೆ, ಅದೇ ಹಾಸಿಗೆಗೆ ಒಯ್ಯುತ್ತಾನೆ. ಅಷ್ಟೇ.

ದೀಪ ಹತ್ತಿದವು. ಜನ ಹೋದರು. ನಾವು ನಾಲ್ವರೂ ವೈನಿಯ ಸುತ್ತ ನಿಂತೆವು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ.

"ಎದ್ದದ್ದು ಸುಳ್ಳು" ಎಂದರು ವೈನಿ. "ನಾ ಅಂದದ್ದ ಅಂದದ್ದು. ಆದ್ರ ಕಟ್ಟಿ ಮ್ಯಾಲೆ ಕುಂತ ಮ್ಯಾಲೆ ಆಕಿ ತನ್ನ ಕಾಲು ಎರಡೂ ಕೈಲೆ ಎತ್ತಿ ಸರಿಸಿ ಇಟ್ಟಗೊಂಡ್ಲು ನೋಡಿದ್ರೇನು? ಯಾರದೋ ಕಾಲು ಎತ್ತಿಟ್ಟಂಗ? ಅದು ಖರೇ. ಅದನ್ನ ಎಲ್ಲೋ ಕಣ್ಣಿಂದ ನೋಡಿದವರು ಮಾಡ್ಸ್ಯಾರ. ನಾ ಪೂರಾ ಸುಳ್ಳ ಪಿಚ್ಚರ್ ಅಂದಿದ್ದೆ. ಪೂರಾ ಸುಳ್ಳಲ್ಲ."

ನಾನು ಆ ಚಿತ್ರವನ್ನು ಮೊದಲೇ ನೋಡಿದ್ದೆ, ಶೆಟ್ಟರು ಎರಡು ಸಲ. ಕಾಲು ಎತ್ತಿಟ್ಟುಕೊಂಡದ್ದು ನಮ್ಮಿಬ್ಬರಿಗೂ ನೆನಪಿರಲಿಲ್ಲ.

"ನಿಮಗ?" ಎಂದರು ವೈನಿ ಗಂಡನ ಕಡೆ ತಿರುಗಿ.

ದೇಸಾಯರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸುತ್ತಿದ್ದರು. ಒರೆಸಿದಷ್ಟೂ ಸಾಲುತ್ತಿರಲಿಲ್ಲ. "ನಂದೇನು" ಎಂದರು.

"ನಿಮ್ಮದ ಕೇಳಾಕತ್ತೀನಿ. ನೀವೂ ನೋಡಿದ್ರಲ್ಲ ಇವತ್ತ."

"ನನಗ... ಆಕಿ ಎದ್ದದ್ದ ಭಾಳ ಸೇರಿತು."

"ಸುಳ್ಳಂತ ಗೊತ್ತಿದ್ದೂ?"

"ಸುಳ್ಳಂತ ಗೊತ್ತಿದ್ದೂ."

ವೈನಿ ಅವರನ್ನೇ ನೋಡಿದರು. ಇನ್ನೇನು ಕಣ್ಣು ತುಂಬುತ್ತದೆ ಎಂದುಕೊಂಡು ನಾನು ಬೇರೆ ಕಡೆ ಮುಖ ಮಾಡಿದೆ. "ಅಯ್ಯ!" ಎಂದರು ವೈನಿ. "ಇಷ್ಟ ದಿನಾ ನಾ ಹೇಳಿದ್ದು ಕೇಳಿ ಕೇಳಿ ಕಲ್ತದ್ದು ಇದ ಏನು? ಶೆಟ್ಟರಗತೆ ಆದ್ರಲ್ಲ ನೀವೂ!"

"ಯಾಕ? ಶೆಟ್ಟರದೇನ ತಪ್ಪು? ಪಿಚ್ಚರ್ ಅಂದ್ರ ಬರೇ ತಲಿದಿಂಬು, ತಂಬಿಗಿ ನೋಡಾಕ ಬರ್ತಾರೇನು ಮಂದಿ?" ದೇಸಾಯರ ದನಿ ಏರಿತು. ಅವರು ಹೆಂಡತಿಗೆ ಎದುರು ಮಾತಾಡಿದ್ದು ನಾನು ನೋಡಿದ್ದು ಅದೇ ಮೊದಲು. ವ್ಯಾನಿನಲ್ಲಿ ಕೂರಿಸುವಾಗಲೂ ಜಗಳ, ಕಸಬಾ ಪೇಠೆಯ ಸಂದಿಗಳಲ್ಲೂ ಜಗಳ. ಮೆಟ್ಟಿಲು ಹತ್ತಿಸುವಾಗ ಕುರ್ಚಿಯ ಭಾರಕ್ಕೆ ಏದುಸಿರು ಬಿಡುತ್ತಲೇ ದೇಸಾಯರು, "ಆ ಹಾಡೂ ಛೊಲೋ ಅದ" ಎಂದರು. "ಅದರ ಬಗ್ಗೆ ಮ್ಯಾಲೆ ಹೋದ ಮ್ಯಾಲೆ ಮಾತಾಡ್ತೀನಿ" ಎಂದರು ವೈನಿ.

ಮುಂದಿನ ಮಾರ್ಚಿನಲ್ಲಿ ನನಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು, ಪುಣೆ ಬಿಟ್ಟೆ. ಐದಾರು ವರ್ಷ ದೇಸಾಯರ ಅಕ್ಷರದಲ್ಲಿ ವೈನಿಯ ಕಾಗದ ಬರುತ್ತಿದ್ದವು. ಕ್ಷೇಮದ ಎರಡು ಸಾಲು, ಉಳಿದದ್ದೆಲ್ಲ ಪಿಚ್ಚರು, ಧಾರಾವಾಹಿ. ಕೆಳಗಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ದೇಸಾಯರು ತಮ್ಮದೊಂದು ಸಾಲು ಸೇರಿಸಿರುತ್ತಿದ್ದರು, ಯಾವಾಗಲೂ ಮೇಲಿನದಕ್ಕೆ ವಿರುದ್ಧ. ಆಮೇಲೆ ಕಾಗದ ನಿಂತವು. ಯಾರು ಮೊದಲು ಹೋದರೆಂದು ನನಗೆ ತಿಳಿಯದು. ಕೇಳುವ ಧೈರ್ಯವೂ ಆಗಲಿಲ್ಲ.

ಆದರೆ ಟಾಕೀಜಿಗೆ ಹೋಗಿಬಂದ ಮಾರನೆಯ ಶುಕ್ರವಾರ ನನಗೆ ಚೆನ್ನಾಗಿ ನೆನಪಿದೆ. ಶನಿವಾರವಾಡೆಯಿಂದಲೇ ಬಸ್ಸು ಕಾತರದಲ್ಲಿತ್ತು. ನಾವು ಮೂವರೂ ಬಾಯಿ ಬಿಟ್ಟಿರಲಿಲ್ಲ. ಶಿವಾಜಿನಗರದ ಸಿಗ್ನಲ್ಲಿನಲ್ಲೇ ತಡೆಯಲಾರದೆ ಹಿಂದಿನ ಸೀಟಿನಿಂದ ಯಾರೋ ಕೂಗಿದರು: "ದೇಸಾಯರ, ವೈನಿ ಏನಂದ್ರು?"

ದೇಸಾಯರು ಎದ್ದು ನಿಂತರು. ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದು, ಇಡೀ ಬಸ್ಸಿನ ಕಡೆ ತಿರುಗಿದರು.

"ಆಕಿದು ಆಮ್ಯಾಲೆ ಹೇಳ್ತೀನಿ" ಎಂದರು. "ಮೊದಲ ನಾ ಏನಂತೀನಿ ಕೇಳ್ರಿ."